ವೀಸಾ ಬೆಳೆಸಿದ ಊರು: ದುಬೈ ಜನಸಂಖ್ಯೆಯ ಲೆಕ್ಕ ನಡೆಯುವುದು ಹೇಗೆ?

ದುಬೈಯ ಜನಸಂಖ್ಯೆ 2025ರಲ್ಲಿ 40 ಲಕ್ಷದ ಆಸುಪಾಸಿಗೆ ಬಂದು ನಿಂತಿತು. 1968ರಲ್ಲಿ ಅಲ್ಲಿ ಮೊದಲ ಸಲ ಕ್ರಮಬದ್ಧವಾಗಿ ಜನಗಣತಿ ನಡೆದಾಗ ಸಿಕ್ಕವರು ಸುಮಾರು 59 ಸಾವಿರ ಮಂದಿ. ಒಬ್ಬ ಮನುಷ್ಯನ ಆಯುಷ್ಯದೊಳಗೆ ಒಂದು ಊರು 65 ಪಟ್ಟಿಗಿಂತ ಹೆಚ್ಚು ಬೆಳೆದಿದೆ. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ, ನದಿಯೇ ಇಲ್ಲದ ಮರಳುಗಾಡಿನಲ್ಲಿ ಇದು ನಡೆದಿದೆ.

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಈ ಸಂಖ್ಯೆ ದೂರದ ಸುದ್ದಿಯಲ್ಲ. ಅಲ್ಲಿನ ಬಾಡಿಗೆ ಏರಿದರೆ ಇಲ್ಲಿಗೆ ಬರುವ ಹಣ ಇಳಿಯುತ್ತದೆ. ಅಲ್ಲಿನ ವೀಸಾ ನಿಯಮ ಬದಲಾದರೆ ಇಲ್ಲಿನ ಮಕ್ಕಳ ಶಾಲೆ ಬದಲಾಗುತ್ತದೆ. ಆದರೆ ನಮ್ಮ ಊರುಗಳ ಜನಸಂಖ್ಯೆಯನ್ನು ಓದುವ ಹಾಗೆ ದುಬೈಯ ಜನಸಂಖ್ಯೆಯನ್ನು ಓದಿದರೆ ಲೆಕ್ಕ ತಪ್ಪುತ್ತದೆ. ಆ ಊರಿನ ಲೆಕ್ಕ ಬೇರೆಯೇ ತರ್ಕದಲ್ಲಿ ನಡೆಯುತ್ತದೆ.

ಮೂಲ ಲೆಕ್ಕ

ಯಾವುದೇ ಊರಿನ ಜನಸಂಖ್ಯೆ ನಾಲ್ಕು ಕಾರಣಗಳಿಂದ ಮಾತ್ರ ಬದಲಾಗಲು ಸಾಧ್ಯ: ಹುಟ್ಟು, ಸಾವು, ಒಳವಲಸೆ, ಹೊರವಲಸೆ. ಹುಟ್ಟಿದವರಲ್ಲಿ ಸತ್ತವರನ್ನು ಕಳೆದರೆ ಸಿಗುವುದು ಸಹಜ ಹೆಚ್ಚಳ. ಬಂದವರಲ್ಲಿ ಹೋದವರನ್ನು ಕಳೆದರೆ ನಿವ್ವಳ ವಲಸೆ. ಕರ್ನಾಟಕದ ಒಂದು ಸಾಮಾನ್ಯ ತಾಲ್ಲೂಕಿನಲ್ಲಿ ಮೊದಲನೆಯದೇ ದೊಡ್ಡದು. ಬೆಂಗಳೂರಿನಲ್ಲಿ ಎರಡೂ ದೊಡ್ಡವು. ದುಬೈಯಲ್ಲಿ ನಿವ್ವಳ ವಲಸೆಯೇ ಬಹುಪಾಲು. ಸಹಜ ಹೆಚ್ಚಳದ ಪಾಲು ಸಣ್ಣದು.

ಬೆಳವಣಿಗೆಯ ವೇಗವನ್ನು ಅಳೆಯಲು ಸುಲಭದ ಸೂತ್ರವೊಂದಿದೆ. 70ನ್ನು ವಾರ್ಷಿಕ ಬೆಳವಣಿಗೆಯ ಶೇಕಡಾವಾರಿನಿಂದ ಭಾಗಿಸಿದರೆ ಎಷ್ಟು ವರ್ಷದಲ್ಲಿ ಜನಸಂಖ್ಯೆ ಇಮ್ಮಡಿಯಾಗುತ್ತದೆ ಎಂಬುದು ಸಿಗುತ್ತದೆ. ಶೇ. 7ರ ವೇಗಕ್ಕೆ 10 ವರ್ಷ, ಶೇ. 1ರ ವೇಗಕ್ಕೆ 70 ವರ್ಷ. ದುಬೈ 1975ರಲ್ಲಿ ಸುಮಾರು 1.83 ಲಕ್ಷ, 1985ರಲ್ಲಿ 3.7 ಲಕ್ಷ, 1995ರಲ್ಲಿ 6.9 ಲಕ್ಷ, 2005ರಲ್ಲಿ 13.2 ಲಕ್ಷ, 2015ರಲ್ಲಿ 24.5 ಲಕ್ಷ. ಅಂದರೆ ನಾಲ್ಕು ದಶಕ ಕಾಲ ಹತ್ತು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಇಮ್ಮಡಿ.

2020ರ ಕೊನೆಗೆ 34.1 ಲಕ್ಷ ಇದ್ದದ್ದು 2024ರ ಕೊನೆಗೆ ಸುಮಾರು 38.6 ಲಕ್ಷವಾಯಿತು. ವರ್ಷಕ್ಕೆ ಶೇ. 3ರ ಆಸುಪಾಸು. ಹಿಂದಿನ ದಶಕಗಳಿಗೆ ಹೋಲಿಸಿದರೆ ಶೇಕಡಾವಾರು ವೇಗ ಅರ್ಧಕ್ಕಿಳಿದಿದೆ. ಆದರೆ ತಲೆಲೆಕ್ಕ ನೋಡಿ: 1975ರಿಂದ 1985ರವರೆಗಿನ ಇಡೀ ದಶಕದಲ್ಲಿ ಸೇರಿದವರು ಸುಮಾರು 1.9 ಲಕ್ಷ. ಈಗ ಅಷ್ಟು ಜನ ಒಂದೂವರೆ ವರ್ಷದೊಳಗೆ ಸೇರುತ್ತಾರೆ. ರಸ್ತೆ, ಶಾಲೆ, ಚರಂಡಿಗೆ ಭಾರ ಬೀಳುವುದು ಶೇಕಡಾವಾರಿನಿಂದಲ್ಲ, ತಲೆಯಿಂದ. 'ಬೆಳವಣಿಗೆ ನಿಧಾನವಾಗಿದೆ' ಎಂಬ ಮಾತೂ 'ಊರು ತುಂಬಿ ತುಳುಕುತ್ತಿದೆ' ಎಂಬ ಮಾತೂ ಒಟ್ಟಿಗೇ ನಿಜವಾಗುವುದು ಹೀಗೆ.

ಮರಳಿಗೆ ಜನ ಬಂದದ್ದು ಏಕೆ

ಎಣ್ಣೆಯೇ ಎಲ್ಲದಕ್ಕೂ ಕಾರಣ ಎಂದು ಹಲವರು ನಂಬಿದ್ದಾರೆ. ಅದು ಅರ್ಧ ಸತ್ಯ. ದುಬೈಯ ಸಮುದ್ರದಡಿಯಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ, ರಫ್ತು ಶುರುವಾದದ್ದು 1969ರಲ್ಲಿ. ಅದಕ್ಕೂ ಮುಂಚೆಯೇ, 1960ರ ಆಸುಪಾಸಿನಲ್ಲಿ, ಊರಿನ ಮಧ್ಯದ ಖಾರಿಯ (ನೆಲದೊಳಗೆ ಚಾಚಿದ ಸಮುದ್ರದ ತೋಳಿನ) ಹೂಳೆತ್ತಿಸಿ ದೊಡ್ಡ ದೋಣಿಗಳು ಒಳಗೆ ಬರುವಂತೆ ಮಾಡಲಾಗಿತ್ತು. 1966ರವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರಿಸರ್ವ್ ಬ್ಯಾಂಕ್ ಹೊರತಂದ ಗಲ್ಫ್ ರೂಪಾಯಿ. ಮುಂಬೈ ಜೊತೆಗಿನ ವ್ಯಾಪಾರ ಅಷ್ಟು ಗಾಢವಾಗಿತ್ತು. ಎಣ್ಣೆಯ ಹಣ ಬಂದಾಗ ಅದು ಬಂದರುಗಳಿಗೆ ಹೋಯಿತು. 1972ರಲ್ಲಿ ರಶೀದ್ ಬಂದರು, 1979ರಲ್ಲಿ ಜೆಬೆಲ್ ಅಲಿ ಬಂದರು, 1985ರಲ್ಲಿ ಅದರ ಪಕ್ಕದಲ್ಲೇ ಮುಕ್ತ ವಲಯ, ಅದೇ ವರ್ಷ ಎಮಿರೇಟ್ಸ್ ವಿಮಾನಯಾನ ಸಂಸ್ಥೆ. 2002ರಲ್ಲಿ ಗೊತ್ತುಪಡಿಸಿದ ಪ್ರದೇಶಗಳಲ್ಲಿ ವಿದೇಶಿಯರೂ ಮನೆ ಕೊಳ್ಳಬಹುದು ಎಂದಾಯಿತು.

ಹಡಗಿನಿಂದ ಕಂಟೇನರ್ ಇಳಿಸುವುದು, ಕಟ್ಟಡ ಕಟ್ಟುವುದು, ಹೋಟೆಲ್ ನಡೆಸುವುದು, ಇವೆಲ್ಲ ಕೈಗಳನ್ನು ಬೇಡುವ ಕೆಲಸಗಳು. ಎಣ್ಣೆ ಬಾವಿಗೆ ಬೇಕಾಗುವುದು ಕೆಲವೇ ಜನ. ಬಂದರು ಮತ್ತು ನಿರ್ಮಾಣಕ್ಕೆ ಲಕ್ಷಾಂತರ ಜನ ಬೇಕು. ಸ್ಥಳೀಯರು ಬೆರಳೆಣಿಕೆಯಷ್ಟಿದ್ದರು. ಕೈಗಳು ಹೊರಗಿನಿಂದಲೇ ಬರಬೇಕಾಯಿತು.

ಒಂದು ತಲೆ ಲೆಕ್ಕಕ್ಕೆ ಸೇರುವ ಬಗೆ

ನಮ್ಮಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಸ್ಸು ಹತ್ತಿದವನು ಆ ರಾತ್ರಿಯಿಂದಲೇ ಬೆಂಗಳೂರಿಗ. ಕೆಲಸ ಆಮೇಲೆ ಸಿಗಬಹುದು, ಸಿಗದೆಯೂ ಇರಬಹುದು. ದುಬೈಯಲ್ಲಿ ಕ್ರಮ ತಿರುಗುಮುರುಗು: ಬಹುತೇಕ ಸಂದರ್ಭದಲ್ಲಿ ಮೊದಲು ಕೆಲಸ, ಆಮೇಲೆ ನಿವಾಸಿ ಎಂಬ ಸ್ಥಾನ.

ಕಂಪನಿ ಮೊದಲು ಆಫರ್ ಲೆಟರ್ ಕೊಡುತ್ತದೆ. ಆಮೇಲೆ ಕಾರ್ಮಿಕ ಇಲಾಖೆಯಿಂದ ಕೆಲಸದ ಪರವಾನಗಿ ಪಡೆಯುತ್ತದೆ. ಅದರ ಮೇಲೆ ಒಳಪ್ರವೇಶದ ಪರ್ಮಿಟ್ ಸಿಗುತ್ತದೆ. ದುಬೈಗೆ ಇಳಿದ ಮೇಲೆ ಮೆಡಿಕಲ್: ರಕ್ತ ಪರೀಕ್ಷೆ, ಕ್ಷಯರೋಗ ಇದೆಯೇ ಎಂದು ನೋಡಲು ಎದೆಯ ಎಕ್ಸ್‌ರೇ. ಇಲ್ಲಿ ಫೇಲಾದರೆ ಕೆಲಸ ಸಿಕ್ಕಿದ್ದರೂ ಪ್ರಯಾಣ ಅಲ್ಲಿಗೇ ಮುಗಿಯಬಹುದು. ಪಾಸಾದರೆ ಬೆರಳಚ್ಚು ಕೊಡಬೇಕು, ಎಮಿರೇಟ್ಸ್ ಐಡಿ ಕೈಗೆ ಬರುತ್ತದೆ. ಹಿಂದೆ ಪಾಸ್‌ಪೋರ್ಟಿಗೆ ವೀಸಾ ಸ್ಟಿಕ್ಕರ್ ಅಂಟಿಸುತ್ತಿದ್ದರು. 2022ರಿಂದ ಈ ಕಾರ್ಡೇ ನಿವಾಸದ ದಾಖಲೆ. ಖಾಸಗಿ ಕಂಪನಿಯ ಸಾಮಾನ್ಯ ಉದ್ಯೋಗ ವೀಸಾದ ಅವಧಿ 2 ವರ್ಷ. ಬಾಡಿಗೆ ಕರಾರನ್ನು ಇಜಾರಿ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. 2022ರಿಂದ ಮನೆಯಲ್ಲಿ ಜೊತೆಗಿರುವ ಪ್ರತಿಯೊಬ್ಬರ ಹೆಸರನ್ನೂ ಸೇರಿಸಬೇಕೆಂದಾಯಿತು. ಯಾರು ಎಲ್ಲಿ ಮಲಗುತ್ತಾರೆ ಎಂಬುದರವರೆಗೂ ಸರಕಾರಕ್ಕೆ ಲೆಕ್ಕ ಸಿಗುತ್ತದೆ.

ಕೆಲಸ ಹೋದರೆ ಇದೇ ದಾರಿ ಹಿಂದಕ್ಕೆ ಓಡುತ್ತದೆ. ಕಂಪನಿ ವೀಸಾ ಕ್ಯಾನ್ಸಲ್ ಮಾಡುತ್ತದೆ. ಹಿಂದೆ ಸಾಮಾನ್ಯವಾಗಿ 30 ದಿನ ಗಡುವಿತ್ತು. 2022ರ ಬದಲಾವಣೆಯ ನಂತರ ವೀಸಾದ ವರ್ಗಕ್ಕೆ ತಕ್ಕಂತೆ ಅದು ಹೆಚ್ಚಾಗಿದೆ. ಅಷ್ಟರೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲವೇ ಹೊರಡಬೇಕು. ಹೆಂಡತಿ ಮಕ್ಕಳ ವೀಸಾ ಅವನ ಹೆಸರಿನಲ್ಲಿದ್ದರೆ ಅವರದೂ ಹೋಗುತ್ತದೆ. ಒಂದು ಉದ್ಯೋಗ ಹೋದರೆ ನಾಲ್ಕು ತಲೆ ಕಡಿಮೆ. ಆರ್ಥಿಕ ಕುಸಿತ ಬೇರೆ ನಗರಗಳಲ್ಲಿ ನಿರುದ್ಯೋಗವಾಗಿ ಕಾಣಿಸಿಕೊಂಡರೆ, ಇಲ್ಲಿ ಅದು ವಿಮಾನ ಟಿಕೆಟ್ಟಾಗಿ ಕಾಣಿಸಿಕೊಳ್ಳುತ್ತದೆ. 2023ರಿಂದ ನಿರುದ್ಯೋಗ ವಿಮೆ ಕಡ್ಡಾಯವಾಗಿದೆ: ಮೂಲ ವೇತನ 16 ಸಾವಿರ ದಿರ್ಹಂ ಒಳಗಿದ್ದವರು ತಿಂಗಳಿಗೆ 5 ದಿರ್ಹಂ ಕಟ್ಟುತ್ತಾರೆ, ಕೆಲಸ ಹೋದರೆ ಗರಿಷ್ಠ ಮೂರು ತಿಂಗಳು, ಮೂಲ ವೇತನದ ಶೇ. 60ರಷ್ಟು, ತಿಂಗಳಿಗೆ 10 ಸಾವಿರ ದಿರ್ಹಂ ಮೀರದಂತೆ ಸಿಗುತ್ತದೆ. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಸಿಗದು. ಗಡುವಿನ ದಿನಗಳಲ್ಲಿ ಬಾಡಿಗೆ ಕಟ್ಟಲು ಇದು ನೆರವಾಗುತ್ತದೆ, ಅಷ್ಟೇ.

ಸಾವಿರ ಗಂಡಸರಿಗೆ ಎಷ್ಟು ಹೆಂಗಸರು

ದುಬೈಯ ನಿವಾಸಿಗಳಲ್ಲಿ ಹೆಂಗಸರು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸಾವಿರ ಗಂಡಸರಿಗೆ ಸುಮಾರು 450 ಹೆಂಗಸರು. ಇದಕ್ಕೆ ಪ್ರಕೃತಿ ಕಾರಣವಲ್ಲ, ಸಂಬಳದ ಒಂದು ಗೆರೆ ಕಾರಣ. ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ ಬೇಕು, ಅಥವಾ 3,000 ದಿರ್ಹಂ ಜೊತೆಗೆ ಕಂಪನಿಯ ವಸತಿ. ಕಟ್ಟಡ ಕಾರ್ಮಿಕ, ಸಫಾಯಿ ಕೆಲಸಗಾರ, ಡೆಲಿವರಿ ಹುಡುಗ, ಸೂಪರ್ ಮಾರ್ಕೆಟಿನ ಸಹಾಯಕ ಇವರಲ್ಲಿ ಹೆಚ್ಚಿನವರ ಸಂಬಳ ಈ ಗೆರೆಯ ಕೆಳಗಿದೆ. ಗೆರೆ ದಾಟಿದವರಿಗೂ ಬಾಡಿಗೆ, ಶಾಲೆ ಫೀಸು ಸೇರಿದರೆ ಕೈಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಮದುವೆಯಾದವರೂ ಅಲ್ಲಿ 'ಬ್ಯಾಚುಲರ್'ಗಳೇ. ಕಾರ್ಮಿಕರು ಅಲ್ ಕೂಜ್, ಸೋನಾಪುರದಂಥ ಕಡೆಯ ಕ್ಯಾಂಪುಗಳಲ್ಲಿ; ಅಂಗಡಿ, ಆಫೀಸಿನ ಕೆಲಸದವರು ದೇರಾ, ಸತ್ವಾ, ಕರಾಮಾದ ಬೆಡ್‌ಸ್ಪೇಸ್‌ಗಳಲ್ಲಿ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಹಾಸಿಗೆಯ ಜಾಗವನ್ನಷ್ಟೇ ಬಾಡಿಗೆ ಹಿಡಿದು.

ಇದರ ಇನ್ನೊಂದು ಮುಖ ನಮ್ಮ ಕರಾವಳಿಯಲ್ಲಿದೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಲಿಂಗಾನುಪಾತ ಸಾವಿರ ಗಂಡಸರಿಗೆ 1,094 ಹೆಂಗಸರು, ರಾಜ್ಯದಲ್ಲೇ ಅತಿ ಹೆಚ್ಚು. ಹೆಂಗಸರ ಆಯುಷ್ಯ ಹೆಚ್ಚಿರುವುದು ಇದಕ್ಕೊಂದು ಕಾರಣ. ದುಡಿಯುವ ವಯಸ್ಸಿನ ಗಂಡಸರು ಮುಂಬೈಗೂ ಗಲ್ಫಿಗೂ ಹೋಗಿರುವುದು ಇನ್ನೊಂದು. ಒಂದು ಊರಿನ ಅಂಕಿಯಲ್ಲಿ ಹೆಚ್ಚಾದ ಗಂಡಸರು ಇನ್ನೊಂದು ಊರಿನ ಅಂಕಿಯಲ್ಲಿ ಕಡಿಮೆಯಾದವರು. ಎರಡನ್ನೂ ಒಟ್ಟಿಗೆ ಓದದೆ ಯಾವುದೂ ಪೂರ್ತಿ ಅರ್ಥವಾಗದು.

ಮುದುಕರೇ ಆಗದ ಊರು

ವಯಸ್ಸಿನ ಪ್ರಕಾರ ಜನರನ್ನು ಒಂದರ ಮೇಲೊಂದು ಪಟ್ಟಿಯಾಗಿ ಜೋಡಿಸಿ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು ಎಂದು ಬರೆದರೆ ಸಿಗುವ ಚಿತ್ರಕ್ಕೆ ವಯೋಮಾನದ ಪಿರಮಿಡ್ ಎನ್ನುತ್ತಾರೆ. ಮಕ್ಕಳು ಹೆಚ್ಚಿರುವ ದೇಶದಲ್ಲಿ ಬುಡ ಅಗಲ, ತುದಿ ಚೂಪು. ಜಪಾನಿನಲ್ಲಿ ಬುಡ ಸಣಕಲು, ಮೇಲ್ಭಾಗ ದಪ್ಪ. ದುಬೈಯ ಚಿತ್ರ ಯಾವುದಕ್ಕೂ ಹೋಲುವುದಿಲ್ಲ: ಬುಡವೂ ಸಣ್ಣ, ತುದಿಯೂ ಸಣ್ಣ, 25ರಿಂದ 44ರ ನಡುವೆ ಎಡಬದಿಗೆ ದೊಡ್ಡ ಉಬ್ಬು. ಅರ್ಧಕ್ಕೂ ಹೆಚ್ಚು ಜನ ಈ ಇಪ್ಪತ್ತು ವರ್ಷಗಳ ಪಟ್ಟಿಯಲ್ಲೇ ಇದ್ದಾರೆ.

ಐವತ್ತು ವರ್ಷಗಳಿಂದ ಜನ ಬರುತ್ತಿದ್ದರೂ ಊರಿಗೆ ವಯಸ್ಸಾಗಿಲ್ಲವೇಕೆ? ಕಾಲೇಜು ಹಾಸ್ಟೆಲನ್ನು ನೆನಪಿಸಿಕೊಳ್ಳಿ. ಹಾಸ್ಟೆಲು ಕಟ್ಟಿ ನಲವತ್ತು ವರ್ಷವಾಗಿರಬಹುದು, ಒಳಗಿರುವವರ ವಯಸ್ಸು ಮಾತ್ರ ಯಾವಾಗಲೂ ಇಪ್ಪತ್ತರ ಆಸುಪಾಸೇ. ಮುಗಿಸಿದವರು ಹೋಗುತ್ತಾರೆ, ಹೊಸಬರು ಬರುತ್ತಾರೆ. ದುಬೈಯೂ ಹಾಗೆ. 30ರಲ್ಲಿ ಬಂದವನು 55–60ಕ್ಕೆ ಹೊರಡುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ 30ರವನು.

ಇದರಿಂದ ಕೆಲವು ಅಂಕಿಗಳು ಕಣ್ಣು ಕಟ್ಟುತ್ತವೆ. ದುಬೈ ಸೇರಿರುವ ದೇಶವಾದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಸಾಯುವವರು ಎರಡಕ್ಕಿಂತಲೂ ಕಡಿಮೆ. ಭಾರತದಲ್ಲಿ ಆರರ ಆಸುಪಾಸು. ಅಲ್ಲಿನ ಆಸ್ಪತ್ರೆಗಳು ಮೂರು ಪಟ್ಟು ಚೆನ್ನಾಗಿವೆ ಎಂದು ಇದರ ಅರ್ಥವಲ್ಲ. ಸಾಯುವ ವಯಸ್ಸಿನವರೇ ಅಲ್ಲಿಲ್ಲ. ಅವರು ಮಂಗಳೂರಿನಲ್ಲೋ ಕೋಯಿಕ್ಕೋಡಿನಲ್ಲೋ ಇದ್ದಾರೆ. ಅವಲಂಬನೆ ಅನುಪಾತದ ಕಥೆಯೂ ಅದೇ. ದುಡಿಯುವ 15ರಿಂದ 64 ವಯಸ್ಸಿನ ಪ್ರತಿ ನೂರು ಜನರ ಮೇಲೆ ಎಷ್ಟು ಮಕ್ಕಳು ಮತ್ತು ವೃದ್ಧರ ಭಾರವಿದೆ ಎಂದು ಹೇಳುವ ಈ ಅಂಕಿ ದುಬೈಯಲ್ಲಿ ತೀರಾ ಕಡಿಮೆ. ದುಡಿಯುವವನನ್ನು ಬೆಳೆಸಿ ಓದಿಸಿದ ಖರ್ಚು ಅವನ ಊರಿನದು, ಮುಪ್ಪಿನ ಖರ್ಚೂ ಅವನ ಊರಿನದು. ನಡುವಿನ ದುಡಿಮೆಯ ವರ್ಷಗಳು ಮಾತ್ರ ದುಬೈಯವು. ಈ ಊರಿನ ಸಮೃದ್ಧಿಯ ಬಗ್ಗೆ ಬರೆಯುವವರು ಇದನ್ನು ಸಾಕಷ್ಟು ಹೇಳುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿದೇಶಿ ನೌಕರರಿಗೆ ಅಲ್ಲಿ ಸರಕಾರಿ ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. 3,000 ದಿರ್ಹಂ ಮೂಲ ವೇತನದಲ್ಲಿ 10 ವರ್ಷ ದುಡಿದವನ ದಿನದ ವೇತನ 100 ದಿರ್ಹಂ. ಒಟ್ಟು 255 ದಿನ. ಕೈಗೆ 25,500 ದಿರ್ಹಂ. ಒಪ್ಪಂದಕ್ಕೆ ಸಹಿ ಹಾಕುವಾಗ ಒಟ್ಟು ಸಂಬಳ ನೋಡಿ ಮೂಲ ವೇತನ ನೋಡದಿದ್ದವರು ಪೆಟ್ಟು ತಿನ್ನುವುದು ಇಲ್ಲೇ. ಭತ್ಯೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಹತ್ತರಲ್ಲಿ ಒಬ್ಬರೂ ಸ್ಥಳೀಯರಲ್ಲ

2010ರ ಅಧಿಕೃತ ಅಂಕಿಯ ಪ್ರಕಾರ ದುಬೈಯಲ್ಲಿ ದೇಶದ ಪ್ರಜೆಗಳು ಸುಮಾರು 1.68 ಲಕ್ಷ, ಒಟ್ಟು ನಿವಾಸಿಗಳು 19 ಲಕ್ಷ. ಶೇ. 9ಕ್ಕಿಂತ ಕಡಿಮೆ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ, ಅದು ಮುಖ್ಯವಾಗಿ ತಂದೆಯ ಮೂಲಕ ಬರುವುದು. ಹಾಗಾಗಿ ಮೂರನೇ ತಲೆಮಾರಿನ ಮಂಗಳೂರು ಮೂಲದ ಹುಡುಗನೂ ವೀಸಾ ನವೀಕರಿಸುತ್ತಲೇ ಇರಬೇಕು. ಗಂಡುಮಕ್ಕಳನ್ನು ತಂದೆಯ ವೀಸಾದಡಿ ಉಳಿಸಿಕೊಳ್ಳುವ ವಯಸ್ಸಿನ ಮಿತಿ 2022ರಲ್ಲಿ 18ರಿಂದ 25ಕ್ಕೆ ಏರಿತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಮಿತಿಯಿಲ್ಲ. 2021ರಲ್ಲಿ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳಂಥ ಆಯ್ದ ಕೆಲವರಿಗೆ ಪೌರತ್ವ ಕೊಡಲು ಕಾನೂನು ತಿದ್ದಿದರು. ಆದರೆ ಅದಕ್ಕೆ ಅರ್ಜಿ ಹಾಕುವಂತಿಲ್ಲ, ನಾಮನಿರ್ದೇಶನವಾಗಬೇಕು.

ಸ್ಥಳೀಯರ ಸಂಖ್ಯೆ ಬೆಳೆಯಲೆಂದು 1992ರಲ್ಲಿ ಮದುವೆ ನಿಧಿ ಸ್ಥಾಪಿಸಿ, ಅರ್ಹ ವರನಿಗೆ 70 ಸಾವಿರ ದಿರ್ಹಂ ನೆರವು ಕೊಡತೊಡಗಿದರು. ಆದರೂ 1970ರ ದಶಕದ ಆರಂಭದಲ್ಲಿ ಇಡೀ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಆರಕ್ಕೂ ಹೆಚ್ಚಿದ್ದ ಮಕ್ಕಳ ಸಂಖ್ಯೆ ಈಗ ಎರಡಕ್ಕಿಂತ ಕೆಳಗಿದೆ. ಖಾಸಗಿ ವಲಯದಲ್ಲಿ 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೌಶಲದ ಹುದ್ದೆಗಳಲ್ಲಿ ಸ್ಥಳೀಯರ ಪಾಲನ್ನು ವರ್ಷಕ್ಕೆ ಶೇ. 2ರಂತೆ ಹೆಚ್ಚಿಸಿ 2026ರ ಕೊನೆಗೆ ಶೇ. 10 ಮುಟ್ಟಿಸಬೇಕೆಂಬ ನಿಯಮವಿದೆ. ಬ್ಯಾಂಕು, ವಿಮೆ, ಎಚ್‌ಆರ್‌ನಂಥ ಕೆಲಸಗಳಿಗೆ ಹೊರಡುವ ನಮ್ಮವರು ಇದನ್ನು ಗಮನದಲ್ಲಿಟ್ಟಿರಬೇಕು.

ಅಂಕಿ ಓದುವಾಗ ಎಡವುವ ಜಾಗಗಳು

ದುಬೈಯ ಜನಸಂಖ್ಯೆ ಎಂದು ಎರಡು ಸಂಖ್ಯೆ ಓಡಾಡುತ್ತವೆ. ಒಂದು ನಿವಾಸಿಗಳದ್ದು. ಇನ್ನೊಂದು ಹಗಲಿನದ್ದು: ಶಾರ್ಜಾ, ಅಜ್ಮಾನ್‌ನಲ್ಲಿ ಕಡಿಮೆ ಬಾಡಿಗೆಗೆ ಮನೆ ಹಿಡಿದು ಬೆಳಗ್ಗೆ ದುಬೈಗೆ ಕೆಲಸಕ್ಕೆ ಬರುವವರು, ಪ್ರವಾಸಿಗರು ಎಲ್ಲ ಸೇರಿ. 2020ರಲ್ಲಿ ನಿವಾಸಿಗಳು 33 ಲಕ್ಷ ಎಂದರೆ ಹಗಲಿನ ಜನ 45 ಲಕ್ಷ ಎಂದು ನಗರದ ಯೋಜನೆ ಲೆಕ್ಕ ಹಿಡಿದಿತ್ತು. ನೀರು, ವಸತಿಗೆ ಮೊದಲ ಅಂಕಿ ಮುಖ್ಯ. ರಸ್ತೆ, ಮೆಟ್ರೋಗೆ ಎರಡನೆಯದು. ಇನ್ನೊಂದು ಗೊಂದಲ, ದುಬೈಯನ್ನೂ ಇಡೀ ದೇಶವನ್ನೂ ಒಂದೇ ಎಂದುಕೊಳ್ಳುವುದು. ಭಾರತೀಯರು 35 ಲಕ್ಷಕ್ಕೂ ಹೆಚ್ಚು ಎನ್ನುವುದು ದುಬೈ ಸೇರಿ ಆ ದೇಶದ ಏಳೂ ಎಮಿರೇಟುಗಳ (ಸಂಸ್ಥಾನಗಳ) ಲೆಕ್ಕ.

ಮೂರನೆಯದು ಕೋವಿಡ್ ವರ್ಷದಲ್ಲಿ ಎದ್ದು ಕಂಡಿತು. ಅಧಿಕೃತ ಲೆಕ್ಕದಲ್ಲಿ 2019ರ ಕೊನೆಯ 33.6 ಲಕ್ಷ 2020ರ ಕೊನೆಗೆ 34.1 ಲಕ್ಷವಾಯಿತು. ಎಸ್ ಆಂಡ್ ಪಿ ರೇಟಿಂಗ್ ಸಂಸ್ಥೆ ಮಾತ್ರ ಜನಸಂಖ್ಯೆ ಶೇ. 8ಕ್ಕೂ ಹೆಚ್ಚು ಕುಸಿದಿದೆ ಎಂದು ಅಂದಾಜಿಸಿತ್ತು. ಇಷ್ಟು ಅಂತರ ಬರಲು ಜಾಗವಿದೆ: ದುಬೈ ವೀಸಾ ಜೀವಂತವಿದ್ದು ಮನುಷ್ಯ ತನ್ನ ಸ್ವಂತ ಊರಿಗೆ ಮರಳಿದ್ದರೆ ಅವನನ್ನು ಎಣಿಸಬೇಕೇ ಬಿಡಬೇಕೇ? ಜನ ಬಂದುಹೋಗುವ ಊರಿನಲ್ಲಿ ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಲಕ್ಷಗಳ ವ್ಯತ್ಯಾಸ ಬೀಳುತ್ತದೆ.

ನೀರು, ಬಾಡಿಗೆ, ರಸ್ತೆ

ಕುಡಿಯುವ ನೀರು ಬರುವುದು ಸಮುದ್ರದಿಂದ. ನಗರದ ನೀರು ಮತ್ತು ವಿದ್ಯುತ್ ಸಂಸ್ಥೆ ದೇವಾದ ಶುದ್ಧೀಕರಣ ಸಾಮರ್ಥ್ಯ ದಿನಕ್ಕೆ ಸುಮಾರು 49.5 ಕೋಟಿ ಗ್ಯಾಲನ್, ಅಂದರೆ 225 ಕೋಟಿ ಲೀಟರ್. ಐದನೇ ಹಂತದ ಕಾವೇರಿ ಯೋಜನೆ ಸೇರಿದ ಮೇಲೆ ಬೆಂಗಳೂರಿಗೆ ಬರಬಹುದಾದ ಕಾವೇರಿ ನೀರು ಕೂಡ ಹೆಚ್ಚುಕಡಿಮೆ ಅಷ್ಟೇ. ಆದರೆ ಬೆಂಗಳೂರಿನಲ್ಲಿ ಜನ ಮೂರು ಪಟ್ಟಿಗಿಂತ ಹೆಚ್ಚು. ದುಬೈಯಲ್ಲಿ ಹೊಸಬರು ಬಂದಷ್ಟೂ ಹೊಸ ಸ್ಥಾವರ ಬೇಕು. ಹಳೆಯ ಸ್ಥಾವರಗಳು ನೀರನ್ನು ಕಾಯಿಸಿ ಆವಿ ಮಾಡುತ್ತಿದ್ದವು; ಹಸ್ಸ್ಯಾನ್‌ನಲ್ಲಿ ಕಟ್ಟುತ್ತಿರುವುದು ಒತ್ತಡದಿಂದ ಪೊರೆಯ ಮೂಲಕ ಸೋಸುವಂಥದ್ದು, ಇಂಧನ ಕಡಿಮೆ ಸಾಕು.

ಬಾಡಿಗೆಯಲ್ಲಿ ಜನಸಂಖ್ಯೆ ನೇರವಾಗಿ ತಟ್ಟುತ್ತದೆ. ವೀಸಾ ಕೊಡಲು ವಾರಗಳು ಸಾಕು, ಕಟ್ಟಡ ಏಳಲು ಮೂರು ವರ್ಷ ಬೇಕು. ಈ ಅಂತರದಲ್ಲಿ ಬಾಡಿಗೆ ಜಿಗಿಯುತ್ತದೆ. ಅದಕ್ಕೆ 2013ರ ಆದೇಶದ ಮಿತಿಗಳಿವೆ. ನಿಮ್ಮ ಬಾಡಿಗೆ ಅಧಿಕೃತ ಸೂಚ್ಯಂಕದ ಮಾರುಕಟ್ಟೆ ದರಕ್ಕಿಂತ ಶೇ. 10ರವರೆಗೆ ಮಾತ್ರ ಕಡಿಮೆಯಿದ್ದರೆ ಮಾಲೀಕ ಏರಿಸುವಂತಿಲ್ಲ. 11ರಿಂದ 20 ಕಡಿಮೆಯಿದ್ದರೆ ಶೇ. 5, 21ರಿಂದ 30ಕ್ಕೆ ಶೇ. 10, 31ರಿಂದ 40ಕ್ಕೆ ಶೇ. 15, ಅದಕ್ಕೂ ಕಡಿಮೆಯಿದ್ದರೆ ಶೇ. 20. ಕರಾರು ಮುಗಿಯುವ 90 ದಿನ ಮುಂಚೆ ತಿಳಿಸಿರಬೇಕು. ಇಜಾರಿಯಲ್ಲಿ ಹೆಸರಿಲ್ಲದ ಬೆಡ್‌ಸ್ಪೇಸ್‌ನವರಿಗೆ ಈ ರಕ್ಷಣೆ ಸಿಗುವುದು ಕಷ್ಟ. 2025ರಲ್ಲಿ ನಗರಸಭೆ ಅಲ್ ರಿಗ್ಗಾ, ಸತ್ವಾ, ಬರ್ಶಾದಂಥ ಕಡೆ ಒಂದು ಕೋಣೆಯನ್ನು ಹಲವಾಗಿ ಒಡೆಯುವ, ಅನುಮತಿಯಿಲ್ಲದ ಪಾರ್ಟಿಶನ್‌ಗಳನ್ನು ತೆಗೆಸಿದಾಗ ಹೆಚ್ಚು ಕಂಗೆಟ್ಟವರು ಇವರೇ.

ರಸ್ತೆಯ ಟೋಲ್ ಸಾಲಿಕ್ 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಿನಲ್ಲಿ 4ರ ಬದಲು 6 ದಿರ್ಹಂ. 30 ಕಿಲೋಮೀಟರಿನ ಮೆಟ್ರೋ ಬ್ಲೂ ಲೈನ್ 2029ಕ್ಕೆ ಎಂದಿದೆ.

ಹಾಸ್ಟೆಲಿನಿಂದ ಮನೆಗೆ?

2021ರ ಮಾರ್ಚಿನಲ್ಲಿ ಪ್ರಕಟವಾದ ನಗರ ಯೋಜನೆ 2040ಕ್ಕೆ 58 ಲಕ್ಷ ನಿವಾಸಿಗಳನ್ನೂ ಹಗಲಿಗೆ 78 ಲಕ್ಷ ಜನರನ್ನೂ ಎಣಿಸಿದೆ. ಸಂಖ್ಯೆಗಿಂತ ಮುಖ್ಯವಾದ ಬದಲಾವಣೆ ವೀಸಾದಲ್ಲಿದೆ. 2019ರಿಂದ ಗೋಲ್ಡನ್ ವೀಸಾ: ಈಗ 20 ಲಕ್ಷ ದಿರ್ಹಂ ಮೌಲ್ಯದ ಆಸ್ತಿ ಇದ್ದವರು, ಆಯ್ದ ವೃತ್ತಿಪರರು ಮೊದಲಾದವರಿಗೆ 10 ವರ್ಷ, ಕಂಪನಿಯ ಹಂಗಿಲ್ಲ. 2022ರಿಂದ ಕೌಶಲ ಉದ್ಯೋಗಿಗಳಿಗೂ ಸ್ವಂತ ಕೆಲಸದವರಿಗೂ 5 ವರ್ಷದ ಗ್ರೀನ್ ವೀಸಾ. 55 ದಾಟಿದವರಿಗೆ ನಿವೃತ್ತರ ವೀಸಾ, 10 ಲಕ್ಷ ದಿರ್ಹಂ ಉಳಿತಾಯ ಅಥವಾ ಅಷ್ಟೇ ಬೆಲೆಯ ಆಸ್ತಿ ಅಥವಾ ನಿಗದಿತ ಆದಾಯವಿದ್ದರೆ. ಕೆಲಸಕ್ಕೂ ವಾಸಕ್ಕೂ ಇದ್ದ ಗಂಟು ಮೇಲಿನ ವರ್ಗದವರಿಗೆ ಸಡಿಲವಾಗಿದೆ.

ಇದರ ಗುರುತು ಶಾಲೆಗಳಲ್ಲಿ ಕಾಣುತ್ತಿದೆ. 2024–25ರಲ್ಲಿ ದುಬೈಯ 227 ಖಾಸಗಿ ಶಾಲೆಗಳಲ್ಲಿ 3.87 ಲಕ್ಷ ಮಕ್ಕಳಿದ್ದರು. ಅವರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಭಾರತೀಯ ಪಠ್ಯಕ್ರಮದವರು. ಕುಟುಂಬಗಳು ಉಳಿದರೆ ಪಿರಮಿಡ್‌ನ ಬುಡ ಅಗಲವಾಗುತ್ತದೆ, ಇಪ್ಪತ್ತು ವರ್ಷದ ನಂತರ ತುದಿಯೂ. ಆಗ ಹೃದ್ರೋಗ, ಮಧುಮೇಹ, ಮುಪ್ಪಿನ ಆರೈಕೆಯ ಖರ್ಚು ಮೊದಲ ಸಲ ದೊಡ್ಡ ಮಟ್ಟದಲ್ಲಿ ದುಬೈಯದ್ದೇ ಆಗುತ್ತದೆ. 4,000 ದಿರ್ಹಂ ಗೆರೆಯ ಕೆಳಗಿರುವವರಿಗೆ ಮಾತ್ರ ಇದಾವುದೂ ಅನ್ವಯಿಸದು. ಅವರ ವೀಸಾ ಈಗಲೂ ಎರಡು ವರ್ಷದ್ದು, ಮನೆಯವರು ಈಗಲೂ ಊರಿನಲ್ಲಿ.